ಟೈರಿನ ಜಾತಕ ಓದುವವರಾರು?

2024ರ ಜೂನ್ ತಿಂಗಳ ಒಂದು ಸಂಜೆ ಸಂತೆಕಟ್ಟೆಯ ಸರ್ವಿಸ್ ರಸ್ತೆಯಲ್ಲಿ ನನ್ನ ತಮ್ಮನ ಮಗ ಮೋಟಾರ್ ಸೈಕಲ್ಲಿನಿಂದ ಜಾರಿ ಬಿದ್ದ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಹೆಲ್ಮೆಟ್ ಇತ್ತು, ವೇಗ ಹೆಚ್ಚಿರಲಿಲ್ಲ, ಹಿಂದಿನಿಂದ ಬಸ್ಸು ಬರುತ್ತಿರಲಿಲ್ಲ. ಆದ್ದರಿಂದ ಕೊರಳೆಲುಬು ಮುರಿಯುವುದರೊಂದಿಗೆ ಪ್ರಕರಣ ಮುಗಿಯಿತು. ಆಸ್ಪತ್ರೆಯಲ್ಲಿ ಕುಳಿತು ನಾವೆಲ್ಲ ರಸ್ತೆಯನ್ನು ಬೈದೆವು. ಅಂಡರ್‌ಪಾಸ್ ಕಾಮಗಾರಿ ಇನ್ನೂ ಮುಗಿದಿರಲಿಲ್ಲ. ಹೆದ್ದಾರಿಯ ವಾಹನಗಳೆಲ್ಲ ಸರ್ವಿಸ್ ರಸ್ತೆಯಲ್ಲೇ ನುಸುಳಬೇಕಿತ್ತು. ಅಗೆದ ಕೆಮ್ಮಣ್ಣು ಮಳೆಗೆ ಕರಗಿ ಡಾಂಬರಿನ ಮೇಲೆ ಹರಡಿಕೊಂಡಿತ್ತು. ಬೈಯುವುದಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ.

ಎರಡು ದಿನಗಳ ನಂತರ ವಾಹನವನ್ನು ಮನೆಗೆ ತಂದಾಗ, ಹೆಚ್ಚು ಕೆಲಸವಿಲ್ಲದ ನಿವೃತ್ತನ ಕುತೂಹಲದಿಂದ ನಾನು ಅದರ ಹಿಂಚಕ್ರದ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಟೈರು ಹೊಸದು. ಅದೇ ಏಪ್ರಿಲ್ ತಿಂಗಳಲ್ಲಿ ಹಾಕಿಸಿದ್ದು. ಗೀರುಗಳು ಆಳವಾಗಿದ್ದವು, ಅಂಚಿನ ರಬ್ಬರ್ ಕೂದಲುಗಳು ಕೂಡ ಪೂರ್ತಿ ಉದುರಿರಲಿಲ್ಲ. ಆದರೆ ಪಕ್ಕದ ಗೋಡೆಯ ಮೇಲೆ, ಅಕ್ಷರಗಳ ಸಂತೆಯ ನಡುವೆ, ಒಂದು ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿದ್ದವು: 0818. ಎಂದರೆ 2018ನೇ ಇಸವಿಯ ಎಂಟನೆಯ ವಾರ. ಹೊಸದೆಂದು ಕೊಂಡ ಟೈರಿಗೆ ಆಗಲೇ ಆರು ವರ್ಷ ವಯಸ್ಸಾಗಿತ್ತು. ಉಗುರಿನಿಂದ ಒತ್ತಿದರೆ ಒಳಗೆ ಹೋಗಲು ಒಲ್ಲದಷ್ಟು ಗಡುಸಾಗಿತ್ತು.

ಆ ಟೈರಿಗೆ ಹಣ ಕೊಟ್ಟವನು ನಾನೇ. ‘ದೊಡ್ಡಪ್ಪ, ಅಂಗಡಿಯವರು ಅರ್ಧ ಬೆಲೆಗೆ ಕೊಡುತ್ತಾರಂತೆ, ಮೂಲ ಟೈರಿಗಿಂತ ಅಗಲವೂ ಹೌದು’ ಎಂದು ಹುಡುಗ ಬಂದಾಗ, ಅವನ ಮಿತವ್ಯಯವನ್ನು ಮೆಚ್ಚಿಕೊಂಡು ಬೆನ್ನು ತಟ್ಟಿದವನೂ ನಾನೇ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳಲ್ಲಿ ಕನಿಷ್ಠ ದರದ ಟೆಂಡರಿಗೆ ಸಹಿ ಹಾಕಿದ ಕೈಗೆ ಅರ್ಧ ಬೆಲೆ ಎಂಬ ಮಾತು ಎಷ್ಟು ಇಂಪಾಗಿ ಕೇಳಿಸುತ್ತದೆ ಎಂಬುದನ್ನು ಇಲಾಖೆಗಳಲ್ಲಿ ದುಡಿದವರು ಬಲ್ಲರು. ಬಿದ್ದದ್ದಕ್ಕೆ ಟೈರೊಂದೇ ಕಾರಣವೆಂದು ನಾನು ಹೇಳಲಾರೆ. ಕೆಸರಿನ ಪಾಲೆಷ್ಟು, ಟೈರಿನ ಪಾಲೆಷ್ಟು ಎಂದು ಭಾಗ ಮಾಡಿ ಕೊಡುವ ತಕ್ಕಡಿ ನನ್ನ ಬಳಿ ಇಲ್ಲ. ಆದರೆ ರಸ್ತೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿರಲಿಲ್ಲ, ಟೈರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು.

ಸ್ಪೋರ್ಟ್ಸ್ ಬೈಕಿಗೂ ಅರವತ್ತು ದಾಟಿದ ಈ ಲೇಖಕನಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಮ್ಮ ತಾರುಣ್ಯದ ಸ್ಪೋರ್ಟ್ಸ್ ಬೈಕೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ ಮತ್ತು ಯೆಜ್ಡಿಗಳು. 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋದ ಆ ಕಾರ್ಖಾನೆಯ ಗಾಡಿಗಳಿಗೆ ಟೈರು ಆರಿಸುವ ಪ್ರಶ್ನೆಯೇ ಇರಲಿಲ್ಲ. ಮುಂದಕ್ಕೆ ಉದ್ದ ಗೀರಿನದು, ಹಿಂದಕ್ಕೆ ಕಟ್ಟುಕಟ್ಟಿನದು. ಅಂಗಡಿಯಲ್ಲಿ ಯಾವುದಿದೆಯೋ ಅದು. ಇಂದಿನ ತರುಣರ ಮುಂದೆ ಆಯ್ಕೆ ವಿಪುಲವಾಗಿದೆ, ಆಯ್ಕೆ ಮಾಡುವ ತಿಳಿವಳಿಕೆ ಅದೇ ಪ್ರಮಾಣದಲ್ಲಿ ಬೆಳೆದಿಲ್ಲ. ಮಣಿಪಾಲದ ಯಾವುದೇ ಕಾಲೇಜಿನ ವಾಹನ ನಿಲುಗಡೆಯ ಸ್ಥಳವನ್ನು ನೋಡಿ. ಆರ್15, ಆರ್‌ಸಿ, ಅಪಾಚೆಗಳು ಸಾಲಾಗಿ ನಿಂತಿರುತ್ತವೆ. ಭಾನುವಾರ ಬೆಳಿಗ್ಗೆ ಇವು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಿಗೋ, ಕಾರ್ಕಳದಿಂದ ಮಾಳದ ದಾರಿಯಾಗಿ ಕುದುರೆಮುಖಕ್ಕೋ ಹೊರಡುತ್ತವೆ. ಅವುಗಳ ಸವಾರರ ಅಪ್ಪ, ದೊಡ್ಡಪ್ಪ, ಮಾವಂದಿರೇ ಈ ಪುಟದ ಓದುಗರು. ಹಣ ಕೊಡುವವರು ನಾವಾದ್ದರಿಂದ ನಾವೂ ಸ್ವಲ್ಪ ಕಲಿತುಕೊಳ್ಳುವುದು ನ್ಯಾಯ.

ಅಗಲದ ವಿಷಯದಿಂದಲೇ ತೊಡಗಬಹುದು. ಏಕೆಂದರೆ ಮೋಹವಿರುವುದು ಅಲ್ಲಿ. ಯಮಹಾ ಆರ್15 ಭಾರತಕ್ಕೆ 2008ರಲ್ಲಿ ಬಂದಾಗ ಅದರ ಹಿಂದಿನ ಟೈರು ನೂರು ಮಿಲಿಮೀಟರ್ ಅಗಲದ್ದು. 2011ರ ಆವೃತ್ತಿಯಲ್ಲಿ ಅದು 130 ಆಯಿತು, 2018ರ ಆವೃತ್ತಿಯಲ್ಲಿ 140. ಈ ಹತ್ತು ವರ್ಷಗಳಲ್ಲಿ ಎಂಜಿನ್ನಿನ ಶಕ್ತಿ ಹದಿನೇಳು ಅಶ್ವಶಕ್ತಿಯಿಂದ ಹತ್ತೊಂಬತ್ತಕ್ಕೆ ಏರಿತು, ಅಷ್ಟೆ. ಶಕ್ತಿ ಎರಡು ಹೆಜ್ಜೆ ಇಟ್ಟಾಗ ಟೈರು ನಲವತ್ತು ಮಿಲಿಮೀಟರ್ ಹಿಗ್ಗಿತು. ಈ ಹಿಗ್ಗುವಿಕೆಯಲ್ಲಿ ತಾಂತ್ರಿಕ ಅಗತ್ಯ ಎಷ್ಟು, ಹಿಂದಿನಿಂದ ನೋಡುವವರ ಕಣ್ಣಿನ ಅಗತ್ಯ ಎಷ್ಟು ಎಂಬುದು ವಿಚಾರಯೋಗ್ಯ. ಆದರೂ ತಯಾರಕರು ಅಗಲ ಹೆಚ್ಚಿಸುವಾಗ ಅದಕ್ಕೆ ತಕ್ಕಂತೆ ರಿಮ್ಮು, ಸಸ್ಪೆನ್ಷನ್ನುಗಳನ್ನೂ ಹೊಂದಿಸುತ್ತಾರೆ. ಅಂಗಡಿಯಲ್ಲಿ ನಿಂತು ಅಗಲ ಹೆಚ್ಚಿಸುವವರು ಟೈರನ್ನು ಮಾತ್ರ ಬದಲಿಸುತ್ತಾರೆ. ನಮ್ಮ ಹುಡುಗ 140/70 ಇದ್ದ ಕಡೆ 150/60 ಹಾಕಿಸಿದ್ದ. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರನ್ನು ಕೂರಿಸಿದರೆ ಅದರ ಎರಡು ಅಂಚುಗಳು ಒಳಕ್ಕೆ ಸೆಳೆಯಲ್ಪಟ್ಟು ಮೈ ಗೋಪುರದಂತೆ ಉಬ್ಬುತ್ತದೆ. ಆಗ ನೆಲ ಮುಟ್ಟುವ ಭಾಗ ಹೆಚ್ಚುವುದರ ಬದಲು ಅದರ ಆಕಾರವೇ ಕೆಡುತ್ತದೆ, ತಿರುವಿನಲ್ಲಿ ಗಾಡಿ ವಾಲುವ ರೀತಿಯೂ ಬದಲಾಗುತ್ತದೆ. ಕೊಟ್ಟ ಅಳತೆಯನ್ನು ಮೀರಬಾರದು ಎಂದು ವಾಹನದ ಕೈಪಿಡಿ ಹೇಳುವುದು ಇದಕ್ಕಾಗಿ. ಕೈಪಿಡಿಯನ್ನು ಬಿಡಿಸಿ ನೋಡಿದ ಭಾರತೀಯನನ್ನು ನಾನಿನ್ನೂ ಭೇಟಿಯಾಗಿಲ್ಲ, ಅದು ಬೇರೆ ಮಾತು.

ಟೈರಿನ ಗೋಡೆಯ ಮೇಲಿನ ಬರಹವನ್ನು ನಾನು ಅದರ ಜಾತಕವೆಂದು ಕರೆಯುತ್ತೇನೆ. 140/70-17 ಎಂದರೆ ಅಗಲ 140 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ 70ರಷ್ಟು, ರಿಮ್ಮಿನ ವ್ಯಾಸ 17 ಅಂಗುಲ. ನಡುವೆ ‘ಆರ್’ ಅಕ್ಷರವಿದ್ದರೆ ರೇಡಿಯಲ್. ಮುಂದೆ 66ಎಚ್ ಎಂದಿದ್ದರೆ, 66 ಎಂಬುದು ಮುನ್ನೂರು ಕಿಲೋ ಭಾರಕ್ಕೂ, ಎಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗಕ್ಕೂ ಸಂಕೇತ. ಎಸ್ ಎಂದರೆ 180, ಪಿ ಎಂದರೆ 150. ಅಷ್ಟು ವೇಗದಲ್ಲಿ ಓಡಿಸಲು ಇದು ಅನುಮತಿಯಲ್ಲ. ಆ ವೇಗದ ಶಾಖವನ್ನು ತಡೆಯಬಲ್ಲ ಕಟ್ಟುಮಸ್ತು ಅದಕ್ಕಿದೆ ಎಂಬ ಭರವಸೆ. ಕಂಪನಿ ಎಚ್ ಕೊಟ್ಟ ಗಾಡಿಗೆ ಪಿ ಹಾಕಿಸುವುದು, ಮುಂದೆ ರೇಡಿಯಲ್ ಇಟ್ಟುಕೊಂಡು ಹಿಂದೆ ಹಳೆಯ ಕ್ರಾಸ್‌ಪ್ಲೈ ಕಟ್ಟಿನದನ್ನು ತಮ್ಮಿಷ್ಟದಂತೆ ಬೆರೆಸುವುದು ಇವೆರಡೂ ತಪ್ಪು ಉಳಿತಾಯಗಳು. ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ಅದು ಕಡ್ಡಾಯವಾಗಿದೆ.

ಇನ್ನು ಆ ನಾಲ್ಕು ಅಂಕಿಗಳು. ರಬ್ಬರು ನಿಂತಲ್ಲೇ ಮುಪ್ಪಾಗುವ ವಸ್ತು. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು, ಸೆಕೆ ಇವೆಲ್ಲ ಅದರ ನಮ್ಯತೆಯನ್ನು ನಿಧಾನವಾಗಿ ಕಸಿಯುತ್ತವೆ. ತಂಪಾದ, ಕತ್ತಲಿನ ಗೋದಾಮಿನಲ್ಲಿ ಸರಿಯಾಗಿ ಇಟ್ಟ ಟೈರು ಒಂದೆರಡು ವರ್ಷಕ್ಕೆ ಕೆಡುವುದಿಲ್ಲ. ಅಂಗಡಿಯ ಮುಂದೆ ಏಪ್ರಿಲ್ ಬಿಸಿಲಿನಲ್ಲಿ ತೋರಣದಂತೆ ತೂಗುಹಾಕಿದ ಟೈರಿನ ಕಥೆ ಬೇರೆ. ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕು, ಗೀರು ಎಷ್ಟೇ ಉಳಿದಿದ್ದರೂ ಹತ್ತು ವರ್ಷ ಮೀರಿದ್ದನ್ನು ತೆಗೆದುಹಾಕಬೇಕು ಎಂಬುದು ಟೈರು ತಯಾರಕರು ಸಾಮಾನ್ಯವಾಗಿ ಕೊಡುವ ಸಲಹೆ. ನನ್ನ ಲೆಕ್ಕದಲ್ಲಿ ತಿರುವುಗಳಲ್ಲಿ ವಾಲಿಸಿ ಓಡಿಸುವ ಗಾಡಿಗೆ ಐದೇ ಸಾಕು.

ಇಲ್ಲೊಂದು ಹಳೆಯ ನೆನಪು. ನಾನು ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಕಚೇರಿಯ ಜೀಪುಗಳ ಟೈರನ್ನು ಇಷ್ಟು ಕಿಲೋಮೀಟರ್ ಓಡಿದ ಮೇಲೆ ಮಾತ್ರ ಬದಲಿಸಬಹುದೆಂಬ ಕಟ್ಟಳೆಯಿತ್ತು. ಒಂದು ಜೀಪು ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಅದರ ಟೈರುಗಳ ಗೋಡೆ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿದ್ದವು. ಚಾಲಕ ಹೊಸ ಟೈರು ಕೇಳಿದ. ಲಾಗ್ ಪುಸ್ತಕದ ಪ್ರಕಾರ ಕಿಲೋಮೀಟರ್ ಸಾಲದು ಎಂದು ಗುಮಾಸ್ತರು ಟಿಪ್ಪಣಿ ಬರೆದರು, ನಾನು ಅದಕ್ಕೆ ಒಪ್ಪಿಗೆ ಹಾಕಿದೆ. ಚಾಲಕನ ಅದೃಷ್ಟ ಚೆನ್ನಾಗಿತ್ತು, ಏನೂ ಆಗಲಿಲ್ಲ. ಟೈರಿಗೆ ಓಟದ ಲೆಕ್ಕವಷ್ಟೇ ಅಲ್ಲ, ವಯಸ್ಸಿನ ಲೆಕ್ಕವೂ ಇದೆ ಎಂಬುದು ಆ ಕಡತದಲ್ಲಿ ಯಾರಿಗೂ ಹೊಳೆಯಲಿಲ್ಲ.

ಕರಾವಳಿಯ ಸವಾರನಿಗೆ ನಿಜವಾದ ಪ್ರಶ್ನೆ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮೊದಲ ಮಳೆಗಳ ದಿನಗಳೇ ಹೆಚ್ಚು ಅಪಾಯಕಾರಿ. ಬೇಸಗೆಯಿಡೀ ರಸ್ತೆಗಿಳಿದ ಎಣ್ಣೆ, ಧೂಳು ನೀರಿನೊಂದಿಗೆ ಬೆರೆತು ಸಾಬೂನಿನಂತಾಗುತ್ತದೆ. ಅದರ ಮೇಲೆ ಮಲ್ಪೆಯಿಂದ ಹೊರಟ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರು. ಕಲ್ಯಾಣಪುರದ ಸ್ವರ್ಣಾ ನದಿಯ ಸೇತುವೆಯ ಕಡೆಯಿಂದ ಸಂತೆಕಟ್ಟೆಯತ್ತ ಬರುವ ದ್ವಿಚಕ್ರ ಸವಾರರು ಇದನ್ನು ವಾಸನೆಯಿಂದಲೇ ಗುರುತಿಸಬಲ್ಲರು. ಇಂಥ ನೆಲದ ಮೇಲೆ ಒಂದು ಮೋಟಾರ್ ಸೈಕಲ್ಲನ್ನು ಹಿಡಿದು ನಿಲ್ಲಿಸುವುದು ಎರಡು ಚಕ್ರಗಳ ಕೆಳಗಿನ, ಒಂದೊಂದೂ ಅಂಗೈಗಿಂತ ದೊಡ್ಡದಲ್ಲದ ರಬ್ಬರಿನ ತುಣುಕು.

ಆ ತುಣುಕಿಗೆ ಎರಡು ಕೆಲಸಗಳಿವೆ. ಗೀರುಗಳ ಮೂಲಕ ನೀರನ್ನು ಪಕ್ಕಕ್ಕೆ ತಳ್ಳುವುದು, ನೀರು ಸರಿದ ಕ್ಷಣದಲ್ಲಿ ಡಾಂಬರಿನ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳುವುದು. ಮೊದಲನೆಯದಕ್ಕೆ ಗೀರಿನ ಆಳ, ವಿನ್ಯಾಸ ಮುಖ್ಯ. ಎರಡನೆಯದಕ್ಕೆ ರಬ್ಬರಿನ ಮಿಶ್ರಣ. ಸ್ಪರ್ಧೆಯ ಟ್ರ್ಯಾಕಿನಲ್ಲಿ ಬಳಸುವ ಟೈರುಗಳಿಗೆ ಗೀರೇ ಇರುವುದಿಲ್ಲ ಅಥವಾ ಅತ್ಯಲ್ಪ. ಅವು ಚೆನ್ನಾಗಿ ಕಾದ ಮೇಲೆ ಅಂಟುತ್ತವೆ. ಅದಕ್ಕೆಂದೇ ಸ್ಪರ್ಧೆಗೆ ಮುನ್ನ ವಿದ್ಯುತ್ ಕಂಬಳಿ ಹೊದೆಸಿ ಬಿಸಿ ಮಾಡುತ್ತಾರೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಅವು ಸಾರ್ಥಕ. ಜುಲೈ ತಿಂಗಳ ಜಡಿಮಳೆಯಲ್ಲಿ ಅಂಬಾಗಿಲಿನಿಂದ ಸಂತೆಕಟ್ಟೆಗೆ ಬರುವ ಹುಡುಗನ ಗಾಡಿಯಲ್ಲಿ ಅವು ಎಂದೂ ಕಾಯುವುದಿಲ್ಲ. ಗೀರು ಕಡಿಮೆಯಾದ್ದರಿಂದ ನೀರನ್ನೂ ಸರಿಸುವುದಿಲ್ಲ. ನಮಗೆ ಬೇಕಾದದ್ದು ಸ್ಪೋರ್ಟ್ ಟೂರಿಂಗ್ ಎಂದು ಕರೆಯುವ ವರ್ಗ: ಮಧ್ಯಮ ಮೃದುತ್ವ, ಒದ್ದೆ ನೆಲಕ್ಕೆಂದು ಸಿಲಿಕಾ ಬೆರೆಸಿದ ಮಿಶ್ರಣ, ಸಾಕಷ್ಟು ಆಳದ ಗೀರು. ಕೆಲವದರಲ್ಲಿ ನಡುವಿನ ಪಟ್ಟಿ ಗಡುಸಾಗಿ, ಅಂಚುಗಳು ಮೆತ್ತಗಾಗಿ ಇರುತ್ತವೆ. ನೇರ ರಸ್ತೆಯಲ್ಲಿ ಸವೆತ ಕಡಿಮೆ, ತಿರುವಿನಲ್ಲಿ ಹಿಡಿತ ಹೆಚ್ಚು. ಟಿ.ವಿ.ಎಸ್. ಕಂಪನಿ ತನ್ನ ಅಪಾಚೆ ಆರ್‌ಆರ್ 310 ಗಾಡಿಗೆ 2020ರಲ್ಲಿ ಮಿಶೆಲಿನ್ ಸಂಸ್ಥೆಯ ಈ ವರ್ಗದ ಟೈರನ್ನೇ ಹಾಕಿ ಮಾರಾಟಕ್ಕಿಟ್ಟಿತು. ಸ್ಪರ್ಧೆಯ ರೂಪ ಕೊಟ್ಟ ವಾಹನಕ್ಕೆ ಪ್ರವಾಸದ ಟೈರು ಕೊಡುವಷ್ಟು ವಿವೇಕ ತಯಾರಕರಿಗಿತ್ತು ಎನ್ನುವುದು ಗಮನಾರ್ಹ.

ಮಳೆಗಾಲದಲ್ಲಿ ಗಾಳಿ ಕಡಿಮೆ ಮಾಡಿಸಿದರೆ ಹಿಡಿತ ಹೆಚ್ಚುತ್ತದೆಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ವೇದವಾಕ್ಯದಂತೆ ಚಲಾವಣೆಯಲ್ಲಿದೆ. ಕೆಸರು ಗದ್ದೆಯ ಮಟ್ಟಿಗೆ ಅದು ಸರಿಯಿರಬಹುದು. ಡಾಂಬರಿನ ಮೇಲೆ ನಿಂತ ನೀರಿನಲ್ಲಿ ಒತ್ತಡ ಕಡಿಮೆಯಿದ್ದಷ್ಟೂ ಗೀರುಗಳು ಮುಚ್ಚಿಕೊಂಡು ಟೈರು ನೀರಿನ ಮೇಲೆ ಬೇಗನೆ ತೇಲುತ್ತದೆ. ಕೈಪಿಡಿ ಹೇಳಿದಷ್ಟು ಗಾಳಿ, ಗಾಡಿ ತಣ್ಣಗಿರುವಾಗ ಅಳೆದದ್ದು, ಮಳೆಗಾಲಕ್ಕೂ ಅದೇ ಲೆಕ್ಕ. ಹೊಸ ಟೈರಿನ ಮೈಮೇಲೆ ನುಣುಪಿರುತ್ತದೆಯಾದ್ದರಿಂದ ಮೊದಲ ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು. ಮೇ ತಿಂಗಳಲ್ಲಿ ಹಾಕಿಸಿ ಒಣ ರಸ್ತೆಯಲ್ಲಿ ಪಳಗಿಸಿದರೆ ಒಳ್ಳೆಯದು. ಮಳೆ ಶುರುವಾದ ಮೇಲೆ ಅಂಗಡಿಗೆ ಓಡುವುದು ನಮ್ಮ ಪರಿಪಾಠ.

ಬೆಲೆಯ ಮಾತಿಗೆ ಬರೋಣ. ಅರ್ಥಶಾಸ್ತ್ರ ಓದಿದವನಿಗೆ ಅದಿಲ್ಲದೆ ಊಟ ಸೇರದು. ಸಾಧಾರಣ ಟೈರಿಗೆ 4,500 ರೂಪಾಯಿ, ಅದು 15,000 ಕಿ.ಮೀ. ಬಾಳುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 30 ಪೈಸೆ. ಮೃದು ಮಿಶ್ರಣದ, ಒಳ್ಳೆಯ ಹಿಡಿತದ ಟೈರಿಗೆ 7,500 ರೂಪಾಯಿ, ಬಾಳಿಕೆ 10,000 ಕಿ.ಮೀ. ಎಂದುಕೊಂಡರೆ 75 ಪೈಸೆ. ವ್ಯತ್ಯಾಸ 45 ಪೈಸೆ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲು, ಲೀಟರಿಗೆ 40 ಕಿ.ಮೀ. ಓಟ ಎಂದರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಇಂಧನಕ್ಕೆ ಮರುಮಾತಿಲ್ಲದೆ ಅಷ್ಟು ಕೊಡುವವನು ಹಿಡಿತಕ್ಕೆ 45 ಪೈಸೆ ಕೊಡಲು ಹಿಂಜರಿಯುತ್ತಾನೆ. ಕಾರಣ ಸರಳ: ಪೆಟ್ರೋಲು ಮುಗಿದರೆ ಗಾಡಿ ನಿಲ್ಲುತ್ತದೆ, ಹಿಡಿತ ಮುಗಿದರೂ ಗಾಡಿ ಓಡುತ್ತಲೇ ಇರುತ್ತದೆ. ಸರ್ಕಾರದ ನೀತಿಯೂ ಬೆಲೆಯಲ್ಲಿ ಪಾಲು ಪಡೆದಿದೆ. 2017ರಿಂದ ಟೈರಿಗೆ ಶೇ 28ರಷ್ಟು ಜಿ.ಎಸ್.ಟಿ. ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿಯಿತು. ಸ್ವಾಗತಾರ್ಹ. 2020ರ ಜೂನ್‌ನಲ್ಲಿ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ ಮೋಟಾರ್ ಸೈಕಲ್ ಟೈರುಗಳೂ ಅದರಲ್ಲಿದ್ದವು. ದೇಶೀ ಉದ್ಯಮದ ರಕ್ಷಣೆಗೆ ನಾನು ವಿರೋಧಿಯಲ್ಲ. ದ್ವಿಚಕ್ರ ವಾಹನಗಳ ಟೈರಿಗೇ ಹೆಸರಾಗಿದ್ದ ಮೈಸೂರಿನ ಫಾಲ್ಕನ್ ಕಾರ್ಖಾನೆ ಕಳೆದ ದಶಕದಲ್ಲಿ ಬಾಗಿಲು ಹಾಕಿದಾಗ ಮರುಗಿದವರಲ್ಲಿ ನಾನೂ ಒಬ್ಬ. ಆದರೆ ಸ್ಪರ್ಧೆಯಿಂದ ರಕ್ಷಣೆ ಪಡೆದ ಉದ್ಯಮ, ಗ್ರಾಹಕನಿಗೆ ಮಾಹಿತಿ ಕೊಡುವ ಹೊಣೆಯನ್ನಾದರೂ ಹೊರಬೇಕು.

ನನ್ನ ತಕರಾರು ಇರುವುದು ಇದೇ ಮಾಹಿತಿಯ ಬಗ್ಗೆ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕಳಪೆ ಮಾಲು ಒಳ್ಳೆಯದನ್ನು ಹೊರದಬ್ಬುತ್ತದೆ ಎಂಬುದು ಅದರ ತಿರುಳು. 2001ರಲ್ಲಿ ಅವರಿಗೆ ಇಬ್ಬರು ಸಹವಿದ್ವಾಂಸರೊಂದಿಗೆ ನೊಬೆಲ್ ಬಂತು. ನಮ್ಮ ಟೈರಿನ ಅಂಗಡಿ ಈ ಪ್ರಬಂಧದ ಜೀವಂತ ಪ್ರಾತ್ಯಕ್ಷಿಕೆ. ಯಾವ ಟೈರು ಒದ್ದೆ ರಸ್ತೆಯಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಕೊಳ್ಳುವವನಿಗೆ ತಿಳಿಯುವ ಬಗೆಯೇ ಇಲ್ಲ. ಯೂರೋಪಿನಲ್ಲಿ 2012ರಿಂದ ಕಾರಿನ ಟೈರಿಗೆ ಒದ್ದೆ ಹಿಡಿತದ ದರ್ಜೆ ತೋರಿಸುವ ಚೀಟಿ ಕಡ್ಡಾಯವಾಗಿದೆ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2022ರ ಜೂನ್‌ನಲ್ಲಿ ಒದ್ದೆ ಹಿಡಿತ, ಉರುಳು ಪ್ರತಿರೋಧ, ಶಬ್ದ ಈ ಮೂರಕ್ಕೆ ಮಾನದಂಡ ಹೊರಡಿಸಿತು. ಅದು ಕಾರು, ಬಸ್ಸು, ಲಾರಿಗಳ ಟೈರಿಗೆ. ಮೋಟಾರ್ ಸೈಕಲ್ಲನ್ನು ಯೂರೋಪೂ ಬಿಟ್ಟಿತ್ತು, ನಾವೂ ಬಿಟ್ಟೆವು. ಯೂರೋಪಿಗೆ ಮೋಟಾರ್ ಸೈಕಲ್ ಹವ್ಯಾಸದ ವಸ್ತು. ನಮ್ಮಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ನಾಲ್ಕು ಚಕ್ರದವನಿಗೆ ಒಂದು ಟೈರು ಜಾರಿದರೆ ಇನ್ನೂ ಮೂರಿವೆ. ಎರಡು ಚಕ್ರದವನಿಗೆ ಮೊದಲು ಬೇಕಿದ್ದ ಮಾನದಂಡ ಅವನನ್ನೇ ಹೊರಗಿಟ್ಟಿತು.

ಎ.ಬಿ.ಎಸ್. ಇದೆಯಲ್ಲ ಎನ್ನುವವರಿದ್ದಾರೆ. 125 ಸಿ.ಸಿ. ಮೀರಿದ ಗಾಡಿಗಳಿಗೆ 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಲ್ಲೂ, ಮರುವರ್ಷದಿಂದ ಎಲ್ಲ ಮಾದರಿಗಳಲ್ಲೂ ಅದು ಕಡ್ಡಾಯವಾದದ್ದು ದೊಡ್ಡ ಸುಧಾರಣೆಯೇ. ಆದರೆ ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ. ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಸುರಕ್ಷಾ ಸಾಧನ ಹೆಚ್ಚಿದಂತೆ ಚಾಲಕನ ಎಚ್ಚರ ಕಡಿಮೆಯಾಗುತ್ತದೆಂದು 1975ರಲ್ಲಿ ಸ್ಯಾಮ್ ಪೆಲ್ಟ್ಜ್‌ಮನ್ ವಾದಿಸಿದ್ದರು. ಅವರ ಲೆಕ್ಕಾಚಾರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ನಮ್ಮ ಹುಡುಗನ ಗಾಡಿ ಓಡಿಸುವ ವೈಖರಿ ನೋಡಿದ ನನಗೆ ಅಷ್ಟು ಭಿನ್ನಮತವಿಲ್ಲ.

ಕಾನೂನಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿ.ಮೀ.ಗಿಂತ ಕಡಿಮೆಯಿರಬಾರದು. ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತಲೂ ಕಡಿಮೆಯ ಈ ಮಿತಿ ಉಡುಪಿಯ ಮಳೆಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಇನ್ನು ವಯಸ್ಸಿನ ಮಿತಿ ಇಲ್ಲವೇ ಇಲ್ಲ. ಇರುವ ಮಿತಿಯನ್ನಾದರೂ ಅಳೆಯುವವರು ಯಾರು? ಸ್ವಂತ ಬಳಕೆಯ ವಾಹನವನ್ನು ಒಮ್ಮೆ ನೋಂದಾಯಿಸಿದರೆ ಹದಿನೈದು ವರ್ಷ ಯಾವ ಅಧಿಕಾರಿಯೂ ಅದರ ಟೈರು ಮುಟ್ಟಿ ನೋಡುವುದಿಲ್ಲ. ಹೊಗೆ ತಪಾಸಣೆಗೆ ಮಾತ್ರ ಕಾಲಕಾಲಕ್ಕೆ ಹೋಗಲೇಬೇಕು. ಆ ಹೊಗೆ ತಪಾಸಣೆಯ ಕೇಂದ್ರದಲ್ಲೇ ಟೈರಿನ ಆಳವನ್ನೂ ತಯಾರಿಕೆಯ ವಾರವನ್ನೂ ನೋಡಿ ಪ್ರಮಾಣಪತ್ರದಲ್ಲಿ ಬರೆದುಕೊಡುವಂತೆ ಮಾಡಲು ಹೊಸ ಇಲಾಖೆ ಬೇಕಿಲ್ಲ. ಒಂದು ಅಡ್ಡಕಡ್ಡಿ, ಒಂದು ನಿಮಿಷ ಸಾಕು. ಅಂಗಡಿಯ ಬಿಲ್ಲಿನಲ್ಲಿ ಟೈರಿನ ಹೆಸರು, ಅಳತೆಯ ಜೊತೆಗೆ ಆ ನಾಲ್ಕು ಅಂಕಿಗಳನ್ನೂ ಬರೆಯುವುದು ಕಡ್ಡಾಯವಾಗಲಿ. ಔಷಧದ ಬಿಲ್ಲಿನಲ್ಲಿ ಅವಧಿ ಮುಗಿಯುವ ತಿಂಗಳು ಬರೆಯುವುದಿಲ್ಲವೇ? ಒದ್ದೆ ಹಿಡಿತದ ಮಾನದಂಡವನ್ನು ದ್ವಿಚಕ್ರಕ್ಕೂ ವಿಸ್ತರಿಸುವುದು ಕೇಂದ್ರದ ಕೆಲಸ. ಅದಕ್ಕೆ ಪರೀಕ್ಷಾ ವಿಧಾನ ರೂಪಿಸಬೇಕು, ಒಂದೆರಡು ವರ್ಷ ಹಿಡಿಯಬಹುದು. ಬಿಲ್ಲಿನ ವಿಷಯಕ್ಕೆ ಒಂದು ಸುತ್ತೋಲೆ ಸಾಕು. ಸುತ್ತೋಲೆಗಳನ್ನು ಬರೆದೇ ಬದುಕಿದವನಾದ್ದರಿಂದ ಅದಕ್ಕೆ ಎಷ್ಟು ಸಮಯ ಬೇಕೆಂಬುದನ್ನು ನಾನು ಬಲ್ಲೆ: ಒಂದು ಮಧ್ಯಾಹ್ನ.

ಹುಡುಗನ ಎಲುಬು ಕೂಡಿತು. ಆಗಸ್ಟ್‌ನಲ್ಲಿ ಅವನೊಂದಿಗೆ ನಾನೂ ಟೈರಿನ ಅಂಗಡಿಗೆ ಹೋದೆ, ಬೇರೆಯ ಅಂಗಡಿಗೆ. ಕೈಪಿಡಿಯಲ್ಲಿದ್ದ ಅಳತೆಯನ್ನೇ ಕೇಳಿದೆವು. ಮಾಲೀಕರು ಒಂದನ್ನು ಒಳಗಿನಿಂದ ತರಿಸಿದರು. ಹುಡುಗ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಅಂಕಿಗಳನ್ನು ಹುಡುಕಿದ. 2021ನೇ ಇಸವಿಯದು. ‘ಇದು ಬೇಡಣ್ಣ, ಈ ವರ್ಷದ್ದು ಕೊಡಿ’ ಎಂದ. ಮಾಲೀಕರು ಕ್ಷಣಕಾಲ ಅವನನ್ನೂ ನನ್ನನ್ನೂ ನೋಡಿದರು. ‘ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ ಸರ್, ಇದನ್ನು ಕೇಳುವವರು ವರ್ಷಕ್ಕೆ ನಾಲ್ಕೈದು ಜನ’ ಎಂದು ಹೇಳಿ, ಸಹಾಯಕನನ್ನು ಮತ್ತೆ ಒಳಗೆ ಕಳುಹಿಸಿದರು. ಅವನು ತಂದ ಟೈರು ಅದೇ ವರ್ಷದ ಹತ್ತೊಂಬತ್ತನೆಯ ವಾರದ್ದು. ಬೆಲೆಯಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿರಲಿಲ್ಲ.